ತಂಗಡಿ ಸೊಪ್ಪಿನ ಸೀಸೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ ರಕ್ತ ಇಡಬೇಕು ಎಂದು ನಾನು ಕೇಳಿದಾಗ ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಕೈ ನಿಂತಿತು. ತಲೆ ಎತ್ತದೆ "ಏನಂದಿ?" ಎಂದರು. ಅವರಿಗೆ ಸರಿಯಾಗಿಯೇ ಕೇಳಿಸಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೊಂದು ಅವಕಾಶ ಕೊಡುತ್ತಿದ್ದರು, ಅಷ್ಟೆ. ನಾನು ತೆಗೆದುಕೊಳ್ಳಲಿಲ್ಲ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಜೊತೆಗೆ ಹಟ ಬೇರೆ.

"ರಕ್ತ ಇಡ್ಬೇಕು ಅತ್ತೆ. ಸಣ್ಣ ಸಣ್ಣ ಸೀಸೆ. ಕೆಳಗಿನ ಅರೇಲಿ ಒಂದ್ ಡಬ್ಬಿ ಇಡ್ತೀನಿ, ಅಷ್ಟೇ."

"ಶಿವಶಿವಾ! ಪೂಜೆ ಹಾಲು ಇಕ್ಕೋ ಜಾಗದಾಗೆ ಯಾರ್ ಯಾರದೋ ರಕ್ತ ಇಕ್ಕಾಕೆ ನಿಂಗೇನ್ ತಲೆ ಕೆಟ್ಟೈತಾ?"

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಮಾವ ನಕ್ಕರು. ಅದು ಇನ್ನೂ ತಪ್ಪಾಯಿತು. ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಬಡಿದ ಸದ್ದಿಗೆ ಆ ನಗು ಅಲ್ಲೇ ನಿಂತುಹೋಯಿತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯಲ್ಲಿ ನಮ್ಮ ಮಾವನವರದು ಒಂದು ಸಣ್ಣ ಎಣ್ಣೆ ಮಿಲ್ಲು. ಮಿಲ್ಲಿನ ಹಿಂದೆಯೇ ಮನೆ. ಶೇಂಗಾ ಹುರಿದ ವಾಸನೆ ನಮ್ಮ ಸೀರೆಗಳಲ್ಲಿ, ದಿಂಬುಗಳಲ್ಲಿ, ಕಡೆಗೆ ನನ್ನ ಪುಸ್ತಕಗಳಲ್ಲೂ ಇರುತ್ತಿತ್ತು. ನಾನು ಎಂಎಸ್ಸಿ ಓದಿ ಮದುವೆಯಾಗಿ ಬಂದವಳು. ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ಎಂಫಿಲ್‌ಗೆ ಸೇರಿಕೊಂಡಿದ್ದೆ. ಗೈಡ್ ಕೊಟ್ಟ ವಿಷಯ ಹೇಳುವುದಕ್ಕೆ ಸುಲಭ. ಮೈಯಿಂದ ತೆಗೆದ ರಕ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟುತ್ತದೆ. ಗಟ್ಟದಂತೆ ತಡೆಯಲು ಲ್ಯಾಬಿನವರು ಸೀಸೆಯಲ್ಲಿ ಮೊದಲೇ ಒಂದು ಪುಡಿ ಹಾಕಿರುತ್ತಾರೆ. ಆ ಪುಡಿಯ ಬದಲು ನಮ್ಮ ಸೀಮೆಯ ಯಾವುದಾದರೂ ಗಿಡದ ರಸ ಹಾಕಿದರೆ ಕೆಲಸ ನಡೆಯುತ್ತದೆಯೇ? ನಡೆದರೆ, ಕೆಲವು ದಿನ ತಣ್ಣಗೆ ಇಟ್ಟ ಮೇಲೂ ಆ ರಕ್ತದಲ್ಲಿ ಕೊಲೆಸ್ಟ್ರಾಲು, ಕೊಬ್ಬು ಮೊದಲು ಇದ್ದಷ್ಟೇ ತೋರಿಸುತ್ತದೆಯೇ, ಏರುಪೇರಾಗುತ್ತದೆಯೇ? ಇಷ್ಟು ನೋಡಿ ಬರೆಯಬೇಕು.

ತಣ್ಣಗೆ ಇಡುವುದೇ ದೊಡ್ಡ ತಾಪತ್ರಯವಾಗಿತ್ತು. ಬೇಸಿಗೆಯ ಚಳ್ಳಕೆರೆಯಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಲ್ಯಾಬಿನ ಫ್ರಿಜ್ಜು ಮಧ್ಯಾಹ್ನದ ಹೊತ್ತಿಗೆ ಬೆವರುತ್ತಿತ್ತು. ನಮ್ಮ ಮನೆಗಾದರೆ ಮಿಲ್ಲಿನ ಜನರೇಟರಿನ ಒಂದು ಲೈನು ಇತ್ತು. ಅತ್ತೆಯ ಫ್ರಿಜ್ಜು ಮಾತ್ರ ಊರಿಗೆ ಊರೇ ಬೆಂದರೂ ತಣ್ಣಗಿರುತ್ತಿತ್ತು. ನಾನು ಕೇಳದೆ ಇನ್ನೇನು ಮಾಡಲಿ?

ಅತ್ತೆ ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ನನ್ನ ಹತ್ತಿರ ಬಂದರು. ರಾತ್ರಿಯೆಲ್ಲ ಯೋಚನೆ ಮಾಡಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಮ್ಮನೇರದ್ದಾದ್ರೆ ಇಕ್ಕು" ಎಂದರು. "ನಮ್ ರಕ್ತ ನಮಗೆ ಮೈಲಿಗೆ ಹೆಂಗಾಗ್ತೈತೆ? ಮೈಯಾಗೆ ಇಟ್ಕಂಡೇ ದಿನಾ ಪೂಜೆ ಮಾಡ್ತೀವಲ್ಲ. ಹೊರಗಿನೋರದ್ದು ಮಾತ್ರ ಬ್ಯಾಡ."

ಸಿಕ್ಕಿದ್ದೇ ಸಾಕೆಂದು ಒಪ್ಪಿಕೊಂಡೆ.

ಹಾಗೆ ನಮ್ಮ ಮನೆಯವರೆಲ್ಲ ನನ್ನ ಸೂಜಿಗೆ ಸಿಕ್ಕಿಕೊಂಡರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಡಸಾಲೆಯಲ್ಲಿ ಸಾಲಾಗಿ ಕೂರಿಸುತ್ತಿದ್ದೆ. ಮಾವ ಧಾರಾಳವಾಗಿ ಕೈ ಚಾಚಿ, "ತಗಾಳವ್ವ, ಬೇಕಾದಷ್ಟೈತೆ" ಎನ್ನುತ್ತಿದ್ದರು. ಮಿಲ್ಲಿನ ಬೆಲ್ಟು ಹರಿದು ಮುಖದ ಮುಂದೆ ಹಾದುಹೋದರೂ ಕದಲದ ನಮ್ಮ ಯಜಮಾನರು ಸೂಜಿ ನೋಡಿದ ಕೂಡಲೇ ಬೆವತುಬಿಟ್ಟರು. ಮಾವ ಬಿಡುತ್ತಾರೆಯೇ? "ಲೇ, ಹೆಂಡ್ತಿ ಚುಚ್ಚೋದು ದಿನಾ ಇದ್ದದ್ದೇ, ಇವತ್ತೇನ್ ಹೊಸದು?" ಎಂದು ಕಿಚಾಯಿಸಿದರು.

ಆದರೆ ಮನೆಯವರಷ್ಟೇ ನನ್ನ ಕೆಲಸಕ್ಕೆ ಸಾಲುತ್ತಿರಲಿಲ್ಲ. ನಾನು ಮುಖ ಸಪ್ಪೆ ಮಾಡಿಕೊಂಡು ಓಡಾಡಿದೆ. ಅತ್ತೆಯೇ ಒಂದು ದಿನ "ಮಿಲ್ನಾಗೆ ದುಡಿಯೋರು ನಮ್ಮನೇರಲ್ಲೇನು?" ಎಂದರು. ಇನ್ನೊಂದು ವಾರಕ್ಕೆ ಪಕ್ಕದ ಮನೆಯಾಕೆಯೂ ಸೇರಿದಳು. "ನಮ್ಮನೇ ಅನ್ನ ಉಂಡೋರ ಮೈಯಾಗೆ ಇರಾದು ನಮ್ದೇ ರಕ್ತ" ಎಂಬುದು ಅತ್ತೆಯ ಹೊಸ ತೀರ್ಮಾನ. ಆಮೇಲೆ ನಾನು ಯಾರ ರಕ್ತ ಬೇಕೋ ಅವರನ್ನು ಮೊದಲು ಊಟಕ್ಕೆ ಕರೆಯುತ್ತಿದ್ದೆ. ಅತ್ತೆಗೆ ಇದು ಗೊತ್ತಿತ್ತು. ಗೊತ್ತಿದ್ದೇ ಬಡಿಸುತ್ತಿದ್ದರು, ದಿನಾ ಬೆಳಿಗ್ಗೆ ನನ್ನ ಡಬ್ಬಿಯ ಮುಚ್ಚಳಕ್ಕೆ ಒಂದು ಗೆರೆ ವಿಭೂತಿಯನ್ನೂ ಎಳೆಯುತ್ತಿದ್ದರು.

ತಂಗಡಿ ಗಿಡವನ್ನು ತೋರಿಸಿಕೊಟ್ಟವರೂ ಅವರೇ. ಬೇವು, ನಿಂಬೆ, ಬೆಳ್ಳುಳ್ಳಿ ಎಲ್ಲದರ ರಸ ಹಾಕಿ ನೋಡಿ ನಾನು ಸೋತಿದ್ದೆ. ಒಂದೋ ರಕ್ತ ಗಟ್ಟಿಯಾಗುತ್ತಿತ್ತು, ಇಲ್ಲಾ ಒಡೆದು ಕಪ್ಪಗಾಗುತ್ತಿತ್ತು. ಅತ್ತೆಯ ತವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರದ ಹತ್ತಿರದ ಹಳ್ಳಿ. ಕಲ್ಲುಗುಡ್ಡಗಳ ನಡುವೆ ಹಳದಿ ಹೂವಿನ ತಂಗಡಿ ಯಾರೂ ನೆಡದೆಯೇ ಬೆಳೆಯುತ್ತದೆ. ಅಲ್ಲಿ ಹಾಲು ಹೊತ್ತು ಮಾರುವ ಹೆಂಗಸರು ಹಾಲು ತುಳುಕದಿರಲೆಂದು ಕೊಡದ ಬಾಯಿಗೆ ತಂಗಡಿ ಸೊಪ್ಪು ತುರುಕುತ್ತಿದ್ದರಂತೆ. "ಆ ಸೊಪ್ಪು ಒಳಗೆ ಬಿದ್ದ ಹಾಲು ಜಪ್ಪಯ್ಯ ಅಂದ್ರೂ ಹೆಪ್ಪಾಗ್ತಿರ್ಲಿಲ್ಲ ಕಣೇ" ಎಂದು ಅತ್ತೆ ನೆನಪಿಸಿಕೊಂಡರು. ಅವರ ಅಣ್ಣ ಬಸ್ಸಿನಲ್ಲಿ ಒಂದು ಚೀಲ ಸೊಪ್ಪು ಕಳಿಸಿದರು. ಹಾಲಿಗೂ ರಕ್ತಕ್ಕೂ ಎಲ್ಲಿಯ ಸಂಬಂಧ ಎಂದು ಒಳಗೊಳಗೇ ಗೊಣಗಿಕೊಂಡು ರಸ ತೆಗೆದು, ಸೋಸಿ, ಒಣಗಿಸಿ ಸೀಸೆಗೆ ಹಾಕಿದೆ. ರಕ್ತ ಹೆಪ್ಪುಗಟ್ಟಲಿಲ್ಲ! ಮರುದಿನವೂ ಇಲ್ಲ. ಸೀಸೆ ಓರೆ ಮಾಡಿದರೆ ನೀರಿನ ಹಾಗೆ ಹರಿಯುತ್ತಿತ್ತು. ನಾನು ಅಡುಗೆಮನೆಗೆ ಓಡಿಬಂದು ಅತ್ತೆಯನ್ನು ಹಿಟ್ಟಿನ ಕೈಯಲ್ಲಿರುವಾಗಲೇ ತಬ್ಬಿಕೊಂಡೆ. "ಬಿಡೇ, ಮುಸುರೆ" ಎಂದು ಬೈದರು. ಅವತ್ತಿಡೀ ಅವರ ಮುಖದಲ್ಲಿ ತವರಿನ ಕಳೆ ಇತ್ತು.

ಅಲ್ಲಿಂದ ಎಲ್ಲರ ರಕ್ತವನ್ನೂ ಮೂರು ಪಾಲು ಮಾಡುತ್ತಿದ್ದೆ. ಏನೂ ಹಾಕದ ಬರೀ ಸೀಸೆ, ಪುಡಿಯ ಸೀಸೆ, ಸೊಪ್ಪಿನ ಸೀಸೆ. ಬರೀ ಸೀಸೆಯಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿನೀರಿನ ಲೆಕ್ಕವೇ ಅಸಲು. ಉಳಿದೆರಡು ಅದಕ್ಕೆ ಎಷ್ಟು ಹತ್ತಿರ ಬರುತ್ತವೆ ಎಂಬುದೇ ಪರೀಕ್ಷೆ. ಪುಡಿಯದು ಹತ್ತಿರವೇ ಬಂತು. ಸೊಪ್ಪಿನ ಸೀಸೆಯಲ್ಲಿ ಮಾತ್ರ ಎಲ್ಲರ ಕೊಲೆಸ್ಟ್ರಾಲೂ ಇಳಿದುಬಿಟ್ಟಿತ್ತು. ಫ್ರಿಜ್ಜಿನಲ್ಲಿ ದಿನ ಕಳೆದಂತೆ ಇನ್ನೂ ಇಳಿಯುತ್ತಿತ್ತು. ನನಗೆ ಇದು ತಲೆನೋವು, ಮಾವನಿಗೆ ಹಬ್ಬ. ಡಾಕ್ಟರು ಅವರಿಗೆ ಮಿರ್ಚಿ ಬಿಡಿ ಎಂದಿದ್ದರು. "ನೋಡಿದ್ಯಾ, ಸೊಪ್ಪು ಕೊಬ್ಬು ಕರಗಿಸ್ತೈತೆ. ಮಂಡಕ್ಕಿ ಮಿರ್ಚಿ ತಿಂದು ಮ್ಯಾಲೆ ಎರಡು ತಂಗಡಿ ಎಲೆ ಅಗಿದ್ರೆ ಆತು" ಎಂದು ಮಾವ ಮಿಲ್ಲಿನಲ್ಲೆಲ್ಲ ಸಾರಿಕೊಂಡು ಬಂದರು. ಒಂದು ಎಲೆಯನ್ನೂ ಬಾಯಿಗೆ ಹಾಕಬಾರದು ಎಂದು ನಾನು ಗದರಿಸಿದೆ.

ಅತ್ತೆಯ ರಕ್ತ ತೆಗೆದಿರಲೇ ಇಲ್ಲ. ಅವರ ಒಣಕಲು ಮೈ ನೋಡಿದರೆ ಕೊಬ್ಬಿನ ಪರೀಕ್ಷೆ ಮಾಡಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಡೆಗೆ ಅವರೇ ಮುನಿಸಿಕೊಂಡರು. "ಎಲ್ಲರದ್ದೂ ತಗಂಡೆ. ನಾನೇನ್ ಈ ಮನೇಳಲ್ಲವಾ?" ಎಂದು ಬಳೆಗಳನ್ನು ಮೊಳಕೈ ಕಡೆಗೆ ಸರಿಸಿಕೊಂಡು ಕೂತರು. ನರ ಹುಡುಕುತ್ತಾ ಆ ಕೈಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ರೊಟ್ಟಿ ತಟ್ಟಿ ತಟ್ಟಿ ಅಂಗೈ ಗಟ್ಟಿಯಾಗಿತ್ತು, ಮೇಲಿನ ಚರ್ಮ ಮಾತ್ರ ಮಗುವಿನದರಂತೆ ತೆಳುವಾಗಿತ್ತು.

ಆ ದಿನ ಬರೀ ಸೀಸೆಯಲ್ಲಿ ತಿಳಿಯಾಗಿ ಮೇಲೆ ನಿಲ್ಲಬೇಕಾದ ನೀರು ಮಜ್ಜಿಗೆ ಬೆರೆಸಿದ ಹಾಗೆ ಮಬ್ಬಾಗಿತ್ತು. ಕೊಲೆಸ್ಟ್ರಾಲಿನ ಲೆಕ್ಕ ನೋಡಿ ಮತ್ತೊಮ್ಮೆ ಮಾಡಿದೆ. ಮತ್ತೆ ಅಷ್ಟೇ ಬಂತು. ಮನೆಯಲ್ಲಿ ಯಾರಿಗೂ ಅಷ್ಟು ಇರಲಿಲ್ಲ, ಮಾವನಿಗೂ. ಆಗ ಒಂದೊಂದೇ ನೆನಪಾಗತೊಡಗಿತು. ನೀರು ಸೇದಿದ ಮೇಲೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂರುವುದು, ಎಡ ಭುಜ ನೀವಿಕೊಳ್ಳುವುದು, ಕೇಳಿದರೆ "ವಾಯು ಕಣೇ" ಎಂದು ಓಮಿನಕಾಳು ಬಾಯಿಗೆ ಹಾಕಿಕೊಳ್ಳುವುದು. ಲೆಕ್ಕ ಬರೆದ ಚೀಟಿ ಹಿಡಿದು ಡಾಕ್ಟರ ಕೋಣೆಗೆ ಓಡಿದೆ.

ನಮ್ಮ ನರ್ಸಿಂಗ್ ಹೋಮಿನ ಡಾಕ್ಟರು ಎಲ್ಲ ಕೇಳಿಸಿಕೊಂಡು, ತಡ ಮಾಡಬೇಡಿ, ದಾವಣಗೆರೆಗೆ ಕರೆದುಕೊಂಡು ಹೋಗಿ ಹೃದಯದ ಡಾಕ್ಟರಿಗೆ ತೋರಿಸಿ ಎಂದರು. ಮನೆಗೆ ಬಂದು ಹೇಳಿದೆ. ಅತ್ತೆ ಶೇಂಗಾ ಆರಿಸುತ್ತಿದ್ದವರು ಒಂದೇ ಪ್ರಶ್ನೆ ಕೇಳಿದರು.

"ಸೊಪ್ಪಿನ ಸೀಸೇಲಿ ಎಷ್ಟೈತೆ?"

"ಕಮ್ಮಿ ಐತೆ. ಆದ್ರೆ ಅದು ಲೆಕ್ಕಕ್ಕಿಲ್ಲ ಅತ್ತೆ."

"ಯಾಕಿಲ್ಲ? ತಿಂಗಳುಗಟ್ಲೆ ಸೊಪ್ಪು ಸೊಪ್ಪು ಅಂತ ಕುಣಿದೋಳು ನೀನು. ಈಗ ಲೆಕ್ಕಕ್ಕಿಲ್ಲ ಅಂತೀಯಾ? ಅದೇ ಸರಿ. ನಂಗೇನೂ ಆಗಿಲ್ಲ. ಪೋನೀ."

ಪೋನೀ ಎಂದರೆ ತೆಲುಗಿನಲ್ಲಿ ಹೋಗಲಿ ಬಿಡು ಎಂದು. ಅವರ ತವರಿನ ಕಡೆ ಮನೆಮನೆಯಲ್ಲೂ ಎರಡೂ ಭಾಷೆ. ಅತ್ತೆ ಆ ಒಂದು ಶಬ್ದ ಆಡಿದರೆಂದರೆ ಬಾಗಿಲು ಹಾಕಿ ಚಿಲಕ ಹಾಕಿದ ಹಾಗೆ. ಮಾವ ಹೇಳಿದರು, ಯಜಮಾನರು ಗೋಗರೆದರು, ಯಾರ ಮಾತೂ ನಡೆಯಲಿಲ್ಲ. ನಾನು ಗೋಗರೆಯುವವಳಲ್ಲ. "ನಿಮ್ ಸೊಪ್ಪಿಗೆ ಬೆಂಕಿ ಹಾಕ!" ಎಂದು ಕಿರುಚಿಬಿಟ್ಟೆ. ಅತ್ತೆ ಎದ್ದು ಒಳಗೆ ಹೋದರು. ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಅವರು ಉಂಡಿಲ್ಲವೆಂದು ನಾನು, ನಾನು ಉಂಡಿಲ್ಲವೆಂದು ಅವರು.

ಸೊಪ್ಪೇ ನಿಜವಾಗಲಿ ಎಂದು ಒಳಗೊಳಗೇ ನನಗೂ ಆಸೆ ಇತ್ತು. ಸೊಪ್ಪು ನಿಜವಾದರೆ ಅತ್ತೆಯ ಎದೆ ಗಟ್ಟಿ, ನನ್ನ ಎಂಫಿಲ್ಲೂ ಗಟ್ಟಿ. ಒಂದು ಸೀಸೆಯನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದುಕೊಂಡಿದ್ದೆವು.

ಎಸ್‌ಟಿಡಿ ಬೂತಿನಿಂದ ಗೈಡ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ರಕ್ತವನ್ನೇ ಬಿಟ್ಟು ನೋಡಿ" ಎಂದರು. ಕೊಲೆಸ್ಟ್ರಾಲು ಅಳೆಯುವ ಔಷಧದ ಪೆಟ್ಟಿಗೆಯ ಜೊತೆ ಒಂದು ಪುಟ್ಟ ಸೀಸೆ ಬರುತ್ತದೆ. ಅದರಲ್ಲಿ ಎಷ್ಟು ಕೊಲೆಸ್ಟ್ರಾಲು ಇದೆಯೆಂದು ಮೇಲೆಯೇ ಬರೆದಿರುತ್ತದೆ. ಔಷಧದ ಜೊತೆ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕೊಬ್ಬು ಹೆಚ್ಚು, ಯಂತ್ರ ಓದುವುದು ಆ ಬಣ್ಣವನ್ನೇ. ಆ ಪುಟ್ಟ ಸೀಸೆಯ ದ್ರವಕ್ಕೆ ಸೊಪ್ಪಿನ ರಸ ಬೆರೆಸಿ ನೋಡಿದೆ. ಬರೆದಿಟ್ಟ ಕೊಲೆಸ್ಟ್ರಾಲೂ ಇಳಿದುಹೋಯಿತು! ಅಂದರೆ ಸೊಪ್ಪು ಕೊಬ್ಬನ್ನು ಕರಗಿಸುತ್ತಿರಲಿಲ್ಲ. ಬಣ್ಣ ಏಳದಂತೆ ತಡೆಯುತ್ತಿತ್ತು, ಅಷ್ಟೆ. ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಸೊಪ್ಪು ಹೋಯಿತೆಂದು ಬಂದ ಅಳುವೋ, ಅತ್ತೆಯ ಲೆಕ್ಕ ನಿಜವಾಯಿತೆಂದು ಬಂದದ್ದೋ, ನನಗೇ ತಿಳಿಯಲಿಲ್ಲ.

ಸಂಜೆ ಔಷಧವನ್ನೂ ಪುಟ್ಟ ಸೀಸೆಯನ್ನೂ ಕರ್ಚೀಫಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ನಾನು ಒಲೆಯ ಪಕ್ಕದಲ್ಲಿ ಚೊಂಬಿಗೆ ಬೆಚ್ಚನೆಯ ನೀರು ಹಾಕಿ, ಎರಡು ಗಾಜಿನ ಕೊಳವೆಗಳಲ್ಲಿ ಔಷಧ ಹಾಕಿದೆ. ಎರಡಕ್ಕೂ ಪುಟ್ಟ ಸೀಸೆಯಿಂದ ಒಂದೊಂದು ಹನಿ. ಒಂದಕ್ಕೆ ಮಾತ್ರ ತಂಗಡಿ ರಸ. ಎರಡನ್ನೂ ಚೊಂಬಿನಲ್ಲಿ ಇಳಿಬಿಟ್ಟೆ. ಅತ್ತೆ ಬೆನ್ನು ಮಾಡಿಕೊಂಡೇ ಕೂತಿದ್ದರು. ಆದರೆ ಓರೆಗಣ್ಣಿನಿಂದ ನೋಡುತ್ತಿದ್ದುದು ನನಗೆ ಗೊತ್ತಿತ್ತು.

"ಏನಿದು?" ಎಂದರು ಕಡೆಗೆ, ತಡೆಯಲಾರದೆ.

"ಎರಡ್ರಲ್ಲೂ ಕೊಬ್ಬು ಒಂದೇ ಸಮ ಹಾಕೀನಿ. ನಿಮ್ಮ ಕಣ್ಮುಂದೇನೇ. ಹೌದೋ ಅಲ್ವೋ?"

"ಹೂಂ."

"ಈಗ ನೋಡ್ತಾ ಇರಿ."

ಸ್ವಲ್ಪ ಹೊತ್ತಿಗೆ ಒಂದು ಕೊಳವೆ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತು. ಸೊಪ್ಪಿನ ಕೊಳವೆ ಹಾಗೆಯೇ ಪೇಲವವಾಗಿ ಉಳಿಯಿತು. ಅತ್ತೆ ಎರಡನ್ನೂ ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು.

"ಅಂದ್ರೆ ಸೊಪ್ಪು ತಿಂದಿದ್ದು ಬಣ್ಣಾನ. ಕೊಬ್ಬು ಹಂಗೇ ಐತೆ."

"ಹಂಗೇ ಐತೆ ಅತ್ತೆ."

"ನನ್ ಮೈಯಾಗೂ?"

ಹೌದೆಂದು ತಲೆ ಆಡಿಸಿದೆ. ಅವರು ಕೊಳವೆಗಳನ್ನು ಮೆಲ್ಲಗೆ ಚೊಂಬಿಗೆ ಇಳಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಮನೆಗೆ ಬಂದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ನಂಗೆ ಗೊತ್ತಿತ್ತು ಕಣೇ" ಎಂದರು. "ಮೊದ್ಲೇ ಗೊತ್ತಿತ್ತು. ನಮ್ಮವ್ವನೂ ಹಿಂಗೇ ಭುಜ ಉಜ್ಕಂತಿದ್ಲು. ಹೊಲದಾಗೆ ಕಳೆ ಕೀಳಾಕೆ ಹೋದೋಳು ಎದೆ ಹಿಡ್ಕಂಡು ಬದಿನ ಮ್ಯಾಲೆ ಕುಂತ್ಲು. ಬಾರವ್ವ ಅಂತ ಕರೀತೀನಿ, ಏಳ್ತಾನೇ ಇಲ್ಲ. ಈಗ ನಂಗೂ ಅದೇ ವಯಸ್ಸು. ನಿನ್ ಸೂಜಿ ನೋಡಿದಾಗಿಂದ ನನ್ ಜೀವ ಪುಕಪುಕ ಅಂತಿತ್ತು. ಮಿಕ್ಕೋರದ್ದೆಲ್ಲ ಆದ ಮ್ಯಾಲೆ ಧೈರ್ಯ ಮಾಡ್ದೆ. ಸೊಪ್ಪಿನ ಸೀಸೇಲಿ ಕಮ್ಮಿ ಬಂದಾಗ, ನಮ್ಮೂರ ಸೊಪ್ಪು ನನ್ ಕೈ ಬಿಡ್ಲಿಲ್ಲ ಅನ್ಕಂಡೆ. ಅಷ್ಟೇ. ಬದುಕ್ಕಂಡೆ ಅನ್ಕಂಡೆ."

ನಾನು ಅವರನ್ನು ತಬ್ಬಿಕೊಂಡೆ. ಈ ಸಲ ಮುಸುರೆ ಎಂದು ಬೈಯಲಿಲ್ಲ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಎನ್ನುವುದು ಆ ಹೊತ್ತಿನವರೆಗೂ ನನಗೇ ಗೊತ್ತಿರಲಿಲ್ಲ. ನನ್ನ ಅವ್ವ ಬೇರೆ ಊರಿನಲ್ಲಿ ಚೆನ್ನಾಗಿಯೇ ಇದ್ದಳು. ಆದರೂ ಇವರಿಲ್ಲದ ಆ ಅಡುಗೆಮನೆಯನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. "ನಿಮ್ಮವ್ವಂಗೆ ಯಾರೂ ಸೀಸೆ ತೋರಿಸ್ಲಿಲ್ಲ ಅತ್ತೆ. ನಿಮಗೆ ನಾನಿದೀನಿ. ನಡೀರಿ ಹೋಗಾನ" ಎಂದೆ.

"ನಿನ್ ಓದು?" ಎಂದು ಕೇಳಿದರು, ಕಣ್ಣು ಒರೆಸಿಕೊಳ್ಳುತ್ತಾ. "ಸೊಪ್ಪು ಕೆಟ್ಟುಹೋದ್ರೆ ನಿಂದು ಪಾಸಾಗ್ತೈತಾ?"

ತನ್ನ ಎದೆ ಹೀಗಿರುವಾಗ ನನ್ನ ಎಂಫಿಲ್ಲಿನ ಯೋಚನೆ! ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೆಪ್ಪು ತಡೆಯುತ್ತದೆ, ಆದರೆ ಕೊಬ್ಬು ಅಳೆಯುವ ಕೆಲಸಕ್ಕೆ ಆಗುವುದಿಲ್ಲ ಎಂದು ಕಂಡದ್ದನ್ನೇ ಬರೆದರಾಯಿತು ಎಂದು ಗೈಡ್ ಹೇಳಿದ್ದರು. ಹಾಗೆಯೇ ಬರೆದೆ, ಪಾಸೂ ಆದೆ. ಅದು ಆಮೇಲಿನ ಮಾತು.

ಮರುದಿನವೇ ಹೊರಡುವುದೆಂದಾಯಿತು. ಹೊರಡುವ ಮೊದಲು ಅತ್ತೆ ಪೂಜೆ ಮಾಡಿ, ಎಂದಿನಂತೆ ಫ್ರಿಜ್ಜು ತೆಗೆದು ನನ್ನ ಡಬ್ಬಿಗೂ ವಿಭೂತಿ ಎಳೆದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ನನ್ನ ಕೈಯನ್ನು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡಿದ್ದರು. ಹಿಂದಿನ ಸೀಟಿನಲ್ಲಿದ್ದ ಮಾವ ಅವತ್ತು ಒಂದು ತಮಾಷೆಯನ್ನೂ ಆಡಲಿಲ್ಲ.

ಅತ್ತೆ ಈಗಿಲ್ಲ. ಆದರೆ ಅವರ ಅವ್ವನ ವಯಸ್ಸನ್ನು ದಾಟಿ ಬಹಳ ವರ್ಷ ಬದುಕಿದರು. ಮಾತ್ರೆ ನುಂಗುತ್ತಾ, ಎಣ್ಣೆಗೆ ಕೈ ಹಿಡಿತ ಮಾಡಿಕೊಂಡು, ಮೊಮ್ಮಕ್ಕಳ ಜಡೆ ಹೆಣೆಯುತ್ತಾ, ನನ್ನ ಸಿಟ್ಟಿಗೆ ಪೋನೀ ಪೋನೀ ಎನ್ನುತ್ತಾ ಇದ್ದರು. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಮಾತ್ರ ದಾವಣಗೆರೆಯ ಆ ಬೆಳಿಗ್ಗೆ.

ದೊಡ್ಡ ಆಸ್ಪತ್ರೆ. ಅವರಿಗೆ ಎತ್ತರವಾದ ಸ್ಟೂಲು. ಹತ್ತಿಸಿ ಕೂರಿಸಿದೆ, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ರಕ್ತ ತೆಗೆಯುವವನು ತೋಳಿಗೆ ರಬ್ಬರು ಪಟ್ಟಿ ಬಿಗಿದು, ಟ್ರೇಯಿಂದ ಒಂದು ಸೀಸೆಗೆ ಕೈ ಹಾಕಿದ. ಅತ್ತೆ ಒಂದು ಕೈಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಆದರೂ ಮುಖ ತಿರುಗಿಸದೆ ಆ ಸೀಸೆಯನ್ನೇ ನೋಡುತ್ತಾ, "ಯಪ್ಪಾ, ಒಂಚೂರು ತಡಿ. ಅದ್ರಾಗೆ ಸೊಪ್ಪು ಹಾಕಿಲ್ಲ ತಾನೇ?" ಎಂದು ಕೇಳಿದರು.

ಅವನು ತಬ್ಬಿಬ್ಬಾಗಿ ನನ್ನ ಮುಖ ನೋಡಿದ. "ಯಾವ ಸೊಪ್ಪು ಅಜ್ಜಿ?"

"ನಮ್ ತವರಿಂದು ಕಣಪ್ಪ. ಬೋ ಒಳ್ಳೇ ಸೊಪ್ಪು" ಎಂದು ಅತ್ತೆ ಕೈ ಮುಂದೆ ಚಾಚಿದರು. "ಆದ್ರೆ ಇವತ್ತು ಬ್ಯಾಡ."